ಉಡ ಗೆದ್ದ ರುಮಾಲು

ನಮ್ಮ ಗೋಕಾಕ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ೧೯೫೪ರ ಮಾತು. ಕಲ್ಲೋಳಿಯ ನಮ್ಮ ಬೆಲ್ಲದ ಅಂಗಡಿಗೆ ಒಂದು ಮುಂಜಾನೆ ಗಿರಾಕಿಯಲ್ಲದ ಉಡವೊಂದು ನುಗ್ಗಿತು. ನಾಯಿಗಳು ಅದರ ಹಿಂಗಾಲನ್ನು ಹರಿದಿದ್ದವು. ಬಾಗಿಲಲ್ಲೇ ಕಾಯುತ್ತ ಕೂತವು. ಮರ ಹತ್ತಲಾರದ ಉಡವನ್ನು ಹೊರಗೆ ಬಿಟ್ಟರೆ ಅದರ ಕಥೆ ಮುಗಿದಂತೆ. ನಾವು ಜೈನರು, ಒಳಗೆ ಬಂದ ಜೀವವನ್ನು ನಾಯಿಗೆ ಒಪ್ಪಿಸುವಂತಿರಲಿಲ್ಲ.

ಗಾಯವೇನೋ ಅರಿಸಿನಕ್ಕೆ ಮಾಯಿತು. ಕಾಲು ಮಾತ್ರ ಜೋಳದ ದಂಟಿನಂತೆ ಒಣಗಿತು. ಶಕ್ತಿ ಬರಲೆಂದು ಹಾಲು, ನೆನೆಸಿದ ಕಡಲೆ, ಬಾದಾಮಿ ಇಟ್ಟೆ. ಉಡ ವಾರವಿಡೀ ಮೂಸಲಿಲ್ಲ.

"ನಮಗಿಂತ ಕಟ್ಟಾ ಜೈನ ಐತಿ, ವ್ರತ ಹಿಡದೈತಿ ನೋಡು," ಎಂದು ಅವ್ವ ಕೈಮುಗಿದಳು.

ಊರ ತಾಲೀಮಿನಲ್ಲಿ ಕುಸ್ತಿ ಕಲಿಸುವ ಬಾಳಪ್ಪ ವಸ್ತಾದ ಬೆಲ್ಲ ಒಯ್ಯಲು ಬಂದವನು ಇದನ್ನು ನೋಡಿ ನಕ್ಕ.

"ಸಾವಕಾರ್ರ, ಇದು ಪೈಲವಾನರ ಖುರಾಕ ಖರೆ. ಪೈಲವಾನಗ ಹಾಕ್ರಿ. ಇದಕ್ಕ ತತ್ತಿ ಬೇಕು."

"ನಮ್ಮ ಮನ್ಯಾಗ ತತ್ತಿ ಅನ್ನೂ ಮಾತೇ ಬರೂದಿಲ್ಲ, ವಸ್ತಾದ."

"ಹಂಗಾರ ನನ್ನ ತಾಲೀಮಿಗೆ ಕಳಸ್ರಿ."

ಹೀಗೆ ಉಡ ತಾಲೀಮು ಸೇರಿತು. ಖುರಾಕಿನ ಖಾತೆ ವಸ್ತಾದನದು. ಅವನು ತತ್ತಿ ತಿನ್ನಿಸುವ ಹೊತ್ತಿಗೆ ನಾನು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ತಿಂಗಳೊಪ್ಪತ್ತಿನಲ್ಲಿ ಅದರ ಹೊಟ್ಟೆ ನನ್ನ ಹೊಟ್ಟೆಯಷ್ಟೇ ಘನತೆ ಪಡೆಯಿತು. ಕಾಲು ಹಾಗೇ ಇತ್ತು.

"ಬರೇ ತಿಂದು ಕುಂತು ಸಾವಕಾರ ಆಗಾಕತ್ತೈತಿ," ಎಂದ ವಸ್ತಾದ, ನನ್ನನ್ನೇ ನೋಡುತ್ತ. "ಮೈ ದಣಸಬೇಕ್ರಿ ಇದನ್ನ."

ಕಸರತ್ತಿನ ಖಾತೆ ನನ್ನ ಪಾಲಿಗೆ ಬಂತು. ಬಿಸಿಲಿಗೆ ಮೈ ಕಾಯುವ ತನಕ ಉಡ ಅಲುಗುತ್ತಿರಲಿಲ್ಲ. ಆಮೇಲೆ ಸೊಂಟಕ್ಕೆ ಮೆತ್ತನೆಯ ಹಗ್ಗ ಕಟ್ಟಿ ಮಣ್ಣಿನ ದಿಬ್ಬ ಹತ್ತಿಸುತ್ತಿದ್ದೆ. ಅದರ ಹಿಂದೆ ನಾನು. ಮೊದಮೊದಲು ಇಬ್ಬರೂ ಏದುಸಿರು ಬಿಟ್ಟೆವು. ಮೂರನೆಯ ತಿಂಗಳಿಗೆ ಅದರ ಒಣಗಿದ ತೊಡೆ ತುಂಬಿತು, ಬಾಲದ ಬುಡ ಬಿಗಿಯಾಯಿತು, ನನ್ನ ಹೊಟ್ಟೆಯೂ ಕರಗಿತು.

ಒಂದು ದಿನ ತಾಲೀಮಿನ ಮುಂದಿನ ಬೇವಿನ ಮರದಡಿ ಹಗ್ಗ ಬಿಚ್ಚಿದೆ. ಪೈಲವಾನರೆಲ್ಲ ನೋಡಲು ನಿಂತರು. ಅಷ್ಟರಲ್ಲಿ ಅವೇ ನಾಯಿಗಳು ಓಡಿಬಂದವು. ನಾನು ಕೋಲು ಎತ್ತುವುದರೊಳಗೆ ಉಡ ಆ ಹಿಂಗಾಲನ್ನೇ ಊರಿ ಚಿಮ್ಮಿತು, ಸರಸರ ಏರಿತು, ಮೇಲಿನ ಟೊಂಗೆಯಿಂದ ನಾಯಿಗಳಿಗೆ ನಾಲಿಗೆ ಚಾಚಿತು.

ಕುಸ್ತಿ ಗೆದ್ದವರ ತಲೆಗೆ ರುಮಾಲು ಸುತ್ತುವುದು ನಮ್ಮಲ್ಲಿಯ ವಾಡಿಕೆ. ವಸ್ತಾದ ರುಮಾಲು ಹಿಡಿದು ಮರದ ಕಡೆ ನೋಡಿದ. ಗೆದ್ದವರು ಇಳಿದು ಬರುವ ಲಕ್ಷಣ ಕಾಣಲಿಲ್ಲ.

"ಬರ್ರಿ ಸಾವಕಾರ್ರ, ನಿಮ್ಮ ಪೈಲವಾನನ ಪರವಾಗಿ ನಿಮಗ ಸುತ್ತತೇನಿ."

ಜನ್ಮದಲ್ಲಿ ಒಂದೂ ಕುಸ್ತಿ ಹಿಡಿಯದ ನಾನು ಆ ರುಮಾಲಿನಲ್ಲಿ, ಎದೆ ಉಬ್ಬಿಸಿಕೊಂಡು, ಪೇಟೆಯ ನಡುವೆ ಮನೆಗೆ ನಡೆದೆ. ಈಗಲೂ ಅದು ನನ್ನ ಪೆಟ್ಟಿಗೆಯಲ್ಲಿದೆ. ಹೊಟ್ಟೆ ಮಾತ್ರ ಹಿಂದಿನ ಘನತೆಗೆ ಮರಳಿದೆ. ನನ್ನನ್ನು ದಿಬ್ಬ ಹತ್ತಿಸಲು ಉಡವಿಲ್ಲ.