ನಿನ್ನ ವರ್ಗ ಯಾವುದು?

ಮೇಷ್ಟ್ರ ಎಡಗಿವಿಯಲ್ಲಿ ಸದಾ ಒಂದು ಹತ್ತಿಯುಂಡೆ ಇರುತ್ತಿತ್ತು. ಪೀಣ್ಯದ ಕಾರ್ಖಾನೆಯಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಮುಂದೆ ಇಪ್ಪತ್ತೊಂಬತ್ತು ವರ್ಷ ನಿಂತು ಆ ಕಿವಿ ಕೆಟ್ಟಿತ್ತು, ಚಳಿಗಾಲದಲ್ಲಿ ಸೋರುತ್ತಿತ್ತು. "ನನ್ ಮಾತು ಒಪ್ಪೋರು ಎಡಕ್ಕೆ ಕೂತ್ಕೊಳ್ಳಿ, ನೀವೇನಂದ್ರೂ ಕೇಳ್ಸಲ್ಲ, ನಷ್ಟಾನೂ ಇಲ್ಲ. ಜಗಳ ಆಡೋರು ಬಲಕ್ಕೆ ಬನ್ನಿ" ಎನ್ನುತ್ತಿದ್ದರು. ಎಡಪಂಥದವರಿಗೆ ಎಡಗಿವಿಯೇ ಕಿವುಡು ಎಂದು ಹುಡುಗರು ನಕ್ಕರೆ ಅದು ಮಾತ್ರ ಹೇಗೋ ಕೇಳಿಸುತ್ತಿತ್ತು.

ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ನಿವೃತ್ತಿಯ ನಂತರ ಲಗ್ಗೆರೆಯ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ, ಭಾನುವಾರ ಬೆಳಿಗ್ಗೆ, ಕಾರ್ಖಾನೆಯ ಕೆಲಸಗಾರರನ್ನು ಕೂರಿಸಿಕೊಂಡು ಮಾರ್ಕ್ಸ್‌ವಾದ ಹೇಳಿಕೊಡುತ್ತಿದ್ದರು. ಅಲ್ಲಿ ಕೂತು ಎದ್ದವರ ಪ್ಯಾಂಟೆಲ್ಲ ರಾಗಿಹಿಟ್ಟು. ನಾನು ದಿನಪತ್ರಿಕೆಯೊಂದಕ್ಕೆ ಕಾರ್ಮಿಕ ಸುದ್ದಿ ಬರೆಯುತ್ತಿದ್ದೆ. ಮೂರು ಪ್ಯಾರಾದ ವರದಿಗೆಂದು ಹೋದವನು ನಾಲ್ಕು ವರ್ಷ ಹೋದೆ.

ಪುಸ್ತಕ ಬಾಯಿಪಾಠ ಮಾಡಿಸುವುದು ಅವರ ಕ್ರಮವಲ್ಲ. ಆ ವಾರದ ಪತ್ರಿಕೆಯಿಂದ ಒಂದು ಚಳವಳಿ ಆರಿಸುತ್ತಿದ್ದರು: ರೈತರದೋ, ಕನ್ನಡ ನಾಮಫಲಕದ್ದೋ, ಡೆಲಿವರಿ ಹುಡುಗರದೋ. ಮುಂದೆ ನಡೆಯುವವರು ಯಾರು, ಹಿಂದೆ ಯಾರು, ಜನರನ್ನು ತಂದ ಬಸ್ಸು ಯಾರದು, ಗೆದ್ದರೆ ಯಾರಿಗೆ ಏನು ಸಿಗುತ್ತದೆ ಎಂದು ಕೇಳುತ್ತಿದ್ದರು. ಎಲೆಕ್ಟ್ರಾನಿಕ್ ಸಿಟಿಯ ಐಟಿ ನೌಕರರು ಕೆಲಸದ ಅವಧಿ ಹೆಚ್ಚಿಸಬಾರದೆಂದು ಬೀದಿಗಿಳಿದಾಗ, ಏಸಿಯಲ್ಲಿ ಕೂರುವವನು ಅದು ಹೇಗೆ ಕಾರ್ಮಿಕನಾಗುತ್ತಾನೆ ಎಂದು ಒಬ್ಬ ತಕರಾರು ತೆಗೆದ. "ಕೆಲಸದಿಂದ ತೆಗೀವಾಗ ಏಸಿ ಆಫ್ ಮಾಡಿ ತೆಗೀತಾರೇನೋ?" ಎಂದರು ಮೇಷ್ಟ್ರು.

ಹೊಸಬರಿಗೆ ಮೊದಲ ದಿನ ಒಂದೇ ಪ್ರಶ್ನೆ: ನಿನ್ನ ವರ್ಗ ಯಾವುದು? ಬಂದವರು ತಪ್ಪದೆ "ಎರಡು ಎ ಸಾರ್" ಎಂದೋ "ಪ್ರವರ್ಗ ಒಂದು" ಎಂದೋ ಉತ್ತರಿಸುತ್ತಿದ್ದರು. ಅವರಿಗೆ ವರ್ಗ ಎಂದರೆ ಮೀಸಲಾತಿ ಪಟ್ಟಿಯ ಕಾಲಂ. ಹಳಬರು ನಗುತ್ತಿದ್ದರು, ಮೇಷ್ಟ್ರು ನಗುತ್ತಿರಲಿಲ್ಲ. ಹಲಗೆಯ ಮೇಲೆ 'ಕಾರ್ಮಿಕ' ಎಂದು ಬರೆದು, ಪಕ್ಕದಲ್ಲಿ ಅವನು ಹೇಳಿದ್ದನ್ನೂ ಬರೆದು, ಎರಡೂ ನಿಜ, ಯಾವುದು ಯಾವಾಗ ನಿನ್ನನ್ನು ಎಬ್ಬಿಸಿ ನಿಲ್ಲಿಸುತ್ತದೆ ಎಂಬುದನ್ನು ನೋಡಬೇಕು ಎನ್ನುತ್ತಿದ್ದರು.

ಆ ತರಗತಿಯ ಹನ್ನೊಂದು ಮಂದಿ ಒಂದೇ ಶೆಡ್ಡಿನ ಗುತ್ತಿಗೆ ಕೆಲಸಗಾರರು. ತಮ್ಮನ್ನು ಕಾಯಂ ಮಾಡಬೇಕೆಂದು ಅವರು ಕಾರ್ಮಿಕ ಇಲಾಖೆಗೆ ದೂರು ಕೊಟ್ಟರು. ಬರೆದವರು ಮೇಷ್ಟ್ರು, ಒಬ್ಬೊಬ್ಬರನ್ನೇ ಒಪ್ಪಿಸಿ ಸಹಿ ಹಾಕಿಸಿದವರೂ ಅವರೇ. ಒಂದು ಬುಧವಾರ ವಿಚಾರಣೆ ಗೊತ್ತಾಯಿತು. ಅದೇ ದಿನ ನಗರದಲ್ಲಿ ಒಂದು ಸಮುದಾಯದ ಮೀಸಲಾತಿ ಸಮಾವೇಶ. ಹನ್ನೊಂದರಲ್ಲಿ ಆರು ಮಂದಿ ಆ ಸಮುದಾಯದವರು; ಅವರನ್ನು ಕೆಲಸಕ್ಕಿಟ್ಟ ಗುತ್ತಿಗೆದಾರನೂ ಅದೇ ಸಮುದಾಯದವನು.

ಹಿಂದಿನ ಭಾನುವಾರ ಪಾಠವೇ ನಡೆಯಲಿಲ್ಲ. ಮೇಷ್ಟ್ರು ಎಂದಿನಂತೆ ಬಸ್ಸು ಯಾರದು ಎಂದು ಕೇಳಿದರು. ಗುತ್ತಿಗೆದಾರನದು ಎಂದರು ಆ ಆರು ಮಂದಿ. ನೀವು ಅದನ್ನು ಹತ್ತಿಬಿಟ್ಟರೆ ಉಳಿದ ಐವರ ಗತಿ ಏನು ಎಂದರು ಮೇಷ್ಟ್ರು. ಆರು ಮಂದಿಯಲ್ಲೊಬ್ಬ, ಗದಗ ಕಡೆಯ ವೆಲ್ಡರ್, ಯಾವಾಗಲೂ ಬಲಕ್ಕೆ ಕೂರುವವನು, ಮಗಳನ್ನು ಪಿಯುಸಿ ಓದಿಸುತ್ತಿದ್ದವನು, ತಲೆ ತಗ್ಗಿಸಿಕೊಂಡೇ ಹೇಳಿದ:

"ನಮ್ಮ ವರ್ಗ ಬದಲಾದ್ರ ತಹಶೀಲ್ದಾರ ಸರ್ಟಿಫಿಕೇಟ್ ಕೊಡ್ತಾನ್ರಿ ಸರ, ಮಗಳಿಗೆ ಸೀಟ್ ಸಿಗತೈತಿ. ನೀವು ಹೇಳೂ ವರ್ಗಕ್ಕ ಸರ್ಟಿಫಿಕೇಟ್ ಯಾರ ಕೊಡ್ತಾರ್ರಿ?"

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ಆಮೇಲೆ, "ಯಾರೂ ಕೊಡಲ್ಲಪ್ಪ. ಹೋಗ್ಬಾ" ಎಂದರು. ಎಡಗಡೆ ಕೂತಿದ್ದ ಐವರು ಮುಖ ಮುಖ ನೋಡಿಕೊಂಡರು.

ಬುಧವಾರ ವಿಚಾರಣೆಗೆ ಐವರೇ ಬಂದರು. ಆರು ಜನಕ್ಕೆ ದೂರೇ ಇಲ್ಲವಂತೆ ಎಂದು ಗುತ್ತಿಗೆದಾರನ ವಕೀಲ ಹೇಳಿದ. ಗುರುವಾರ ಶೆಡ್ಡಿನ ಗೇಟಿನಲ್ಲಿ ಆ ಐವರ ಹೆಬ್ಬೆರಳನ್ನು ಹಾಜರಿ ಯಂತ್ರ ಗುರುತಿಸಲಿಲ್ಲ. ನಮ್ಮ ಪತ್ರಿಕೆಯ ಮುಖಪುಟದಲ್ಲಿ ಸಮಾವೇಶವಿತ್ತು. ವಿಚಾರಣೆಯ ಬಗ್ಗೆ ನಾನು ಬರೆದ ಎಂಟು ಸಾಲಿಗೆ ಜಾಗ ಸಿಗಲಿಲ್ಲ. ಕೆಲಸಗಾರನೂ ಕೆಲಸ ಕೊಡುವವನೂ ಒಂದೇ ಬಸ್ಸು ಹತ್ತಿದರೆ ಏನಾಗುತ್ತದೆ ಎಂದು ಮೇಷ್ಟ್ರು ವರ್ಷಗಳಿಂದ ಹೇಳುತ್ತಿದ್ದರೋ ಅದೇ ಆಗಿತ್ತು. ಅವರು ಹೇಳಿದ್ದು ಸರಿಯಾಗಿತ್ತು, ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಹತ್ತು ದಿನಕ್ಕೆ ಐವರನ್ನೂ ವಾಪಸು ಕೆಲಸಕ್ಕೆ ತೆಗೆದುಕೊಂಡರು. ಅದೇ ವಾರ ಮೇಷ್ಟ್ರು ಕಿವಿನೋವೆಂದು ಪಾಠ ನಿಲ್ಲಿಸಿದರು. ಹೋರಾಟಕ್ಕೆ ಸಿದ್ಧರಾಗಿದ್ದ ಐವರಿಗೆ ಇದು ಹಿಡಿಸಲಿಲ್ಲ. ಒಬ್ಬೊಬ್ಬರೇ ಅವರ ಮನೆಗೆ ಹೋಗುವುದನ್ನು ಬಿಟ್ಟರು.

ಪಾಠ ಯಾಕೆ ನಿಲ್ಲಿಸಿದಿರೆಂದು ನಾನು ಹೋಗಿ ನೇರವಾಗಿ ಕೇಳಿದೆ. ಐವರ ಕೆಲಸ ಕೇಳಲು ಗುತ್ತಿಗೆದಾರನ ಆಫೀಸಿಗೆ ತಾವೇ ಹೋಗಿದ್ದಾಗಿ ಹೇಳಿದರು. ಅವನು ಕುರ್ಚಿ ಕೊಟ್ಟನಂತೆ, ಕಾಫಿ ತರಿಸಿದನಂತೆ. ಇನ್ನು ಮೇಲೆ ಭಾನುವಾರದ ಪಾಠ ಇರಬಾರದು ಎಂಬುದೊಂದೇ ಅವನ ಷರತ್ತು.

"ಸಹಿ ಹಾಕ್ಸಿದ್ದು ನಾನು. ಪಾಠ ನಿಂತ್ರೆ ಪಾಠ ಮಾತ್ರ ನಿಲ್ಲುತ್ತೆ. ಅವ್ರಿಗೆ ಹೇಳ್ಬೇಡ ಮಾರಾಯ. ಗೊತ್ತಾದ್ರೆ ರೋಷಕ್ಕೆ ನಾಳೆಯಿಂದ ಗೇಟ್ ಒಳಗೆ ಕಾಲಿಡಲ್ಲ ಅವ್ರು."

ಬರೆಯಬಹುದೇ ಎಂದೆ. ತಾವಿರುವವರೆಗೆ, ಆ ಶೆಡ್ಡಿರುವವರೆಗೆ ಬೇಡವೆಂದರು. ಶೆಡ್ಡು ಹೋದ ತಿಂಗಳು ಮುಚ್ಚಿತು.

ಮೇಷ್ಟ್ರು ತೀರಿಕೊಂಡದ್ದು ಅದಕ್ಕೂ ಮೊದಲು. ಸುಮನಹಳ್ಳಿಯ ಚಿತಾಗಾರಕ್ಕೆ ಐವರಲ್ಲಿ ಒಬ್ಬ ಮಾತ್ರ ಬಂದಿದ್ದ, ಅದೇ ಶೆಡ್ಡಿನ ಎರಡನೇ ಪಾಳಿಗೆ ಹೋಗುವ ದಾರಿಯಲ್ಲಿ, ಸಮವಸ್ತ್ರದಲ್ಲೇ. ನನ್ನ ಪಕ್ಕ ನಿಂತು ಮೆಲ್ಲಗೆ, "ದೊಡ್ಡ ಮನುಷ್ಯ ಸಾರ್. ಕೊನೇಲಿ ಹೆದರ್ಕೊಂಬಿಟ್ರು, ಅಷ್ಟೇ. ಅಲ್ವಾ?" ಎಂದ. ಪಾಳಿಗೆ ಇನ್ನೂ ಅರ್ಧ ಗಂಟೆ ಇತ್ತು.

ಹೌದು ಎಂದೆ.