ಅವ್ವನ ಬಲಬೆನ್ನು

ನೋಡು, ಮುಟ್ಟು, ತಟ್ಟು, ಕೇಳು. ರೋಗಿಯನ್ನು ಪರೀಕ್ಷಿಸುವ ಕ್ರಮ ಇಷ್ಟೇ. ಗದಗಿನಲ್ಲಿ ವೈದ್ಯಕೀಯ ಓದುತ್ತಿದ್ದ ನನಗೆ ಮೂರನೆಯದು ಮಾತ್ರ ಕೈಗೆ ಹತ್ತುತ್ತಲೇ ಇರಲಿಲ್ಲ. ಎಡಗೈಯ ನಡುಬೆರಳನ್ನು ರೋಗಿಯ ಬೆನ್ನಿಗೆ ಒತ್ತಿಟ್ಟು, ಬಲಗೈಯ ನಡುಬೆರಳ ತುದಿಯಿಂದ ಅದರ ಮೇಲೆ ಹೊಡೆಯಬೇಕು. ಮಣಿಕಟ್ಟು ಮಾತ್ರ ಆಡಬೇಕು. ಒಳಗೆ ಗಾಳಿ ಇದ್ದರೆ ಟೊಳ್ಳು ಸದ್ದು, ನೀರಿದ್ದರೆ ಮಂದ ಸದ್ದು. ನಾನು ಹೊಡೆದರೆ ಬೆರಳು ನೋಯುತ್ತಿತ್ತೇ ಹೊರತು ಬೇರೇನೂ ತಿಳಿಯುತ್ತಿರಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗ ಕಳಸಾಪುರದ ಮನೆಗೆ ಹೋಗಿ ಅವ್ವನನ್ನೇ ಸ್ಟೂಲಿನ ಮೇಲೆ ಕೂಡಿಸಿದೆ. ಅವ್ವ ಮನೆಯಲ್ಲೇ ಜೋಳ, ಕಡಲೆ ಅಳೆದು ಮಾರುವವಳು. "ನಿನ್ನ ಕೈ ಏನ್ ತಣ್ಣಗ ಅದಾವಲೇ!" ಎಂದು ಬೈದಳು. ಉಜ್ಜಿಕೊಂಡು ಬೆನ್ನ ಮೇಲೆ ಅಂಗೈ ಇಟ್ಟೆ. ರೋಗಿ "ಒಂದು, ಒಂದು" ಎನ್ನುತ್ತಿದ್ದರೆ ದನಿಯ ನಡುಕ ಎರಡೂ ಕಡೆ ಸಮನಾಗಿ ಅಂಗೈಗೆ ತಾಗಬೇಕು.

"ಯವ್ವಾ, ಒಂದ ಅನ್ನಬೇ."

"ಲಾಭ," ಎಂದಳು ಅವ್ವ.

ಕಾಳು ಅಳೆಯುವವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ನಾನು ಗದರಿದೆ. "ಬಾಯಾಗ ಬರೂದಿಲ್ಲ ತಗೀ. ಲಾಭ ಅಂದ್ರ ನಡಿಯಾಂಗಿಲ್ಲೇನು?" ಎಂದಳು. ನಡೆಯುತ್ತಿತ್ತು. ಲಾಭ, ಲಾಭ, ಲಾಭ. ಎಡಗಡೆ ಅಂಗೈಯೊಳಗೆ ಗುಂಯ್ ಎಂದಿತು. ಬಲಗಡೆ, ಹೆಗಲೆಲುಬಿನ ಕೆಳಗೆ, ಏನೂ ಇಲ್ಲ. ತಟ್ಟಿ ನೋಡಿದೆ. ವರ್ಷವಿಡೀ ಸಿಗದ ಮಂದ ಸದ್ದು ನನ್ನ ಅವ್ವನ ಬೆನ್ನಿನಲ್ಲಿ ಸ್ಪಷ್ಟವಾಗಿ ಸಿಕ್ಕಿತು.

ಲಿವರ್ ಇರಬೇಕು, ಅದೂ ಬಲಗಡೆಯೇ ತಾನೆ, ಎಂದುಕೊಂಡೆ. ಅಷ್ಟು ಮೇಲಕ್ಕೆ ಯಾರ ಲಿವರೂ ಏರುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಾಗಾದರೆ ನನ್ನ ಬೆರಳೇ ದಡ್ಡ. ಅಣ್ಣನನ್ನು ಹಿಡಿದು ಅಂಗಿ ಬಿಚ್ಚಿಸಿದೆ. ಅವನ ಬೆನ್ನೆಲ್ಲ ಟೊಳ್ಳು ಸದ್ದು. ಕಡಲೆ ಒಯ್ಯಲು ಬಂದ ಪಕ್ಕದ ಮನೆಯ ಅಜ್ಜಿಯನ್ನೂ ಬಿಡಲಿಲ್ಲ. "ನನಗೇನಾಗೇತವಾ? ಖರೆ ಹೇಳಿಬಿಡು," ಎಂದು ಅಜ್ಜಿ ಗಾಬರಿಯಾದಳು. ಆ ಮುದುಕಿಯ ಬಲಬೆನ್ನಿನಲ್ಲೂ ಅದೇ ಸದ್ದು ಬರಲಿ ಎಂದು ದೇವರನ್ನು ಬೇಡಿಕೊಂಡೆ. ಬಂದರೆ ನನ್ನ ಕೈ ಸುಳ್ಳು ಎಂದಾಗುತ್ತಿತ್ತು. ಅಜ್ಜಿಯ ಬೆನ್ನು ಖಾಲಿ ಡಬ್ಬಿಯ ಹಾಗೆ ಸದ್ದು ಮಾಡಿತು.

ಮತ್ತೆ ಅವ್ವನ ಹತ್ತಿರ ಬಂದಾಗ ಅವಳು ಸೆರಗು ಬಾಯಿಗೆ ಒತ್ತಿ ಕೆಮ್ಮುತ್ತಿದ್ದಳು. ಈ ಕೆಮ್ಮು ಯಾವಾಗಿನಿಂದ ಎಂದು ಕೇಳಿದೆ.

"ಕಾಳಿನ ಧೂಳಲೇ ಅದು."

"ಮತ್ತ ದಮ್ಮು?"

"ವಯಸ್ಸಾತಲ್ಲ."

ಸೆರಗು ಸರಿಮಾಡಿಕೊಳ್ಳಲು ಕೈ ಎತ್ತಿದಾಗ ಅವಳ ಬಳೆಗಳೆಲ್ಲ ಮೊಣಕೈವರೆಗೆ ಜಾರಿದವು. ಎದೆಯಲ್ಲಿ ಹೀಗೆ ನೀರು ತುಂಬಿ ಮೈ ಇಳಿಯುತ್ತಿದ್ದರೆ ಹೆಚ್ಚಾಗಿ ಕ್ಷಯ, ಇಲ್ಲವೇ ಕ್ಯಾನ್ಸರ್ ಎಂದು ಬಾಯಿಪಾಠ ಮಾಡಿದ್ದೆ. ಹೆತ್ತ ತಾಯಿಗೆ ಕ್ಷಯವೇ ಇರಲಿ ಎಂದು ಬೇಡಿಕೊಳ್ಳುವ ಗತಿ ನನಗೆ ಬಂತು. ಅವಳ ಮೇಲೆ ಸಿಟ್ಟು ಬಂತು, ಧೂಳಿನ ಮೇಲೆ ಬಂತು, ಈ ಸುಡುಗಾಡು ಬೆರಳುಗಳ ಮೇಲಂತೂ ಕತ್ತರಿಸಿ ಒಗೆಯುವಷ್ಟು ಬಂತು. ಹಿತ್ತಲಿಗೆ ಹೋಗಿ ಅತ್ತೆ.

ಮರುದಿನ ಅವ್ವನನ್ನು ಬಸ್ಸಿನಲ್ಲಿ ಗದಗಿನ ಆಸ್ಪತ್ರೆಗೆ ಕರೆತಂದು, ನಮಗೆ ಪಾಠ ಹೇಳುತ್ತಿದ್ದ ಹಿರಿಯ ಡಾಕ್ಟರ ಎದುರು ಕೂಡಿಸಿದೆ. ನನಗೆ ಸಿಕ್ಕಿದ್ದನ್ನು ಹೇಳಿ, "ನನಗ ತಟ್ಟಾಕ ಬರೂದಿಲ್ರಿ ಸರ್, ತಪ್ಪಿರಬೇಕು," ಎಂದೂ ಸೇರಿಸಿದೆ. ತಪ್ಪು ಎನ್ನಲಿ, ಬೈಯಲಿ, ಎಲ್ಲರೆದುರು ನಪಾಸು ಮಾಡಲಿ. ನನಗೆ ಬೇಕಾಗಿದ್ದದ್ದು ಅಷ್ಟೇ.

ಅವರು ಮೇಲಿನಿಂದ ಕೆಳಗೆ ನಿಧಾನವಾಗಿ ತಟ್ಟುತ್ತ ಬಂದರು. ನಾನು ಹೇಳಿದ ಜಾಗದಲ್ಲೇ ಬೆರಳು ನಿಂತಿತು. ಎಡಗಡೆ ತಟ್ಟಿದರು, ಮತ್ತೆ ಅಲ್ಲಿಗೇ ಬಂದರು. ನನ್ನ ಮುಖ ನೋಡದೆ ಎಕ್ಸ್‌ರೇಗೆ ಬರೆದುಕೊಟ್ಟರು.

"ಬರೋಬ್ಬರಿ ಹೇಳೀರಿ," ಎಂದರು ಮೆತ್ತಗೆ. "ಛಲೋ ಕಲತೀರಿ."

ಅವ್ವನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಕುಪ್ಪಸ ಹಾಕಿಕೊಳ್ಳುತ್ತಿದ್ದವಳು ಅಷ್ಟಕ್ಕೇ ನಿಲ್ಲಿಸಿ, ಪರದೆಯಾಚೆ ಸಾಲಿನಲ್ಲಿ ಕೂತಿದ್ದ ಹೆಂಗಸಿಗೆ ಕೇಳುವ ಹಾಗೆ ಹೇಳಿದಳು: "ನನ್ನ ಮಗಳ್ರಿ. ಛಲೋ ಕಲತಾಳಂತ."