ಕ್ಯಾಸೆಟ್ಟಿನೊಳಗಿನ ಬಳೆ ಸಪ್ಪಳ

ಮುಗಳಖೋಡದ ಅಕ್ಕುತಾಯಿ ಹಗಲೆಲ್ಲ ಕಬ್ಬಿನ ಹೊಲದಲ್ಲಿ ಕಳೆ ಕೀಳುವವಳು, ಸಂಜೆಯಾದರೆ ಗಂಡ ರಾವಸಾಹೇಬನ ಗಾಯನ ಪಾರ್ಟಿಯಲ್ಲಿ ದನಿಗೂಡಿಸುವವಳು. ಅಂಬೇಡ್ಕರರ ಹುಟ್ಟುಹಬ್ಬ, ಭೀಮ ಜಯಂತಿ, ಬಂತೆಂದರೆ ಐಗಳಿಯಿಂದ ಪಾಲಬಾವಿಯವರೆಗೆ ಈ ಪಾರ್ಟಿಗೆ ಪುರಸೊತ್ತಿಲ್ಲ. ರಾವಸಾಹೇಬನದು ಹಾರ್ಮೋನಿಯಂ, ಅವನ ಗೆಳೆಯ ಉತ್ತಮನದು ಢೋಲಕಿ. ಹಿಂದೆ ಕೂತ ನಾಲ್ವರು ಹೆಂಗಸರಿಗೆ ಅಂಗೈಯೇ ವಾದ್ಯ. ಅವರಲ್ಲಿ ಅಕ್ಕುತಾಯಿ ಒಬ್ಬಳಿಗೇ ಕೈತುಂಬ ಹಸಿರು ಬಳೆ; ಅವಳು ಚಪ್ಪಾಳೆ ತಟ್ಟಿದರೆ ಅವೂ ತಾಳ ಹಾಕುತ್ತಿದ್ದವು.

ಮೊದಲ ಕ್ಯಾಸೆಟ್ ಮಾಡಿಸಲು ಮಿರಜಿಗೆ ಹೋದಾಗ ಸ್ಟುಡಿಯೋದವನು ತಕರಾರು ತೆಗೆದ. "ಅಕ್ಕಾ, ಬಳಿ ತಗೀರಿ. ಮೈಕಿನ್ಯಾಗ ಸಪ್ಪಳ ಬರಾಕತ್ತೈತಿ."

"ನಿನ್ನೀನ ಇಡಸ್ಕೊಂಡೀನ್ರಿ. ಒಡದರನ ಬರ್ತಾವ," ಎಂದಳು ಅಕ್ಕುತಾಯಿ.

ಗಂಡ ಎದುರಿಗೇ ಕೂತಿರುವಾಗ ಮುತ್ತೈದೆಯ ಬಳೆ ಒಡೆಸುವ ಧೈರ್ಯ ಯಾರಿಗಿದೆ? ಹಾಗೇ ರೆಕಾರ್ಡ್ ಆಯಿತು. ಆ ವರ್ಷ ಊರೂರಿನ ಟ್ರ್ಯಾಕ್ಟರುಗಳ ಮೇಲೆ ಅದೇ ಕ್ಯಾಸೆಟ್, ಅದೇ ಬಳೆ ಸಪ್ಪಳ. ಮುಖಪುಟದ ತುಂಬ ಮಾತ್ರ ಗಂಡಸರ ಮೀಸೆ. ಹೆಂಗಸರ ಪಾಲಿಗೆ 'ಮತ್ತು ಸಂಗಡಿಗರು' ಅಷ್ಟೇ.

ಎರಡನೆಯ ಕ್ಯಾಸೆಟ್ಟಿಗೆ ರಾವಸಾಹೇಬ ಜಾಣನಾದ. ಹೆಂಡತಿಯ ಬಳೆಗಳಿಗೆ ಟವೆಲ್ ಸುತ್ತಿಸಿದ. ಬಳೆ ಸುಮ್ಮನಾದದ್ದೇ ತಡ, ಅಕ್ಕುತಾಯಿಗೆ ತಾಳ ತಪ್ಪಿತು. ಉಳಿದ ಹೆಂಗಸರೂ ಅವಳ ಹಿಂದೆಯೇ ತಪ್ಪಿದರು. ಕ್ಯಾಸೆಟ್ ಠುಸ್ಸೆಂದಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ರಾವಸಾಹೇಬ ಸ್ಟುಡಿಯೋದ ಮಷಿನ್ನನ್ನು ಬೈದುಕೊಂಡು ತಿರುಗಿದ.

ಎಷ್ಟೋ ವರ್ಷಗಳ ಮೇಲೆ ಈಗ ಮೂರನೆಯ ಆಲ್ಬಮ್ಮಿಗೆ ಹೊರಟವನು ಮೊಮ್ಮಗ ಕುನಾಲ, ಸಕ್ಕರೆ ಕಾರ್ಖಾನೆಯ ನೌಕರ. ಅವನಿಗೆ ಅಮೆರಿಕದ ಒಂದು ರಿದಮ್ ಅಂಡ್ ಬ್ಲೂಸ್ ಬ್ಯಾಂಡಿನ ಹುಚ್ಚು. ಊಟಕ್ಕೆ ಕೂತರೂ ಅವರದೇ ಪುರಾಣ: ಮೊದಲ ಆಲ್ಬಮ್ ಯಾರದೋ ಮನೆಯ ಕೋಣೆಯಲ್ಲಿ ಹಾಡಿದ್ದು, ಜನ ಮುಗಿಬಿದ್ದರು, ಎರಡನೆಯದಕ್ಕೆ ದೊಡ್ಡ ಕಂಪನಿ ಬಂದು ಎಲ್ಲ ನುಣ್ಣಗೆ ಮಾಡಿತು, ಯಾರೂ ಕೇಳಲಿಲ್ಲ, ಮೂರನೆಯದಕ್ಕೆ ಮತ್ತೆ ಅದೇ ಕೋಣೆಗೆ ಬಂದರು.

"ನಮ್ಮ ಪಾರ್ಟಿ ಕತಿನ ಆತಲ್ಲೋ ಇದು!" ಎಂದು ಅಕ್ಕುತಾಯಿ ನಗುತ್ತಿದ್ದಳು.

ಹೊಸ ಆಲ್ಬಮ್ಮಿನಲ್ಲಿ ಮೊದಲ ಕ್ಯಾಸೆಟ್ಟಿನ ಹಾಡೊಂದು ಇರಲೆಂದು ಕುನಾಲ ಅದನ್ನು ಕಂಪ್ಯೂಟರಿನಲ್ಲಿ ಸ್ವಚ್ಛ ಮಾಡಿ ತಂದ. "ಕೇಳ ಆಯಿ, ಗದ್ದಲ ಎಲ್ಲಾ ತಗದೀನಿ."

ಹಾಡು ಮುಗಿಯುವಷ್ಟರಲ್ಲಿ ಅಜ್ಜಿಯ ಮುಖ ಸಣ್ಣದಾಗಿತ್ತು.

"ಚಲೋ ಆಗೇತಿ. ಆದ್ರ ನಾ ಎಲ್ಲಿ ಅದೀನೋ ಇದರಾಗ?"

"ಕೋರಸ್‌ನ್ಯಾಗ ಅದಿಯಲ್ಲ?"

"ನಾಕ ಮಂದಿ ಒಟ್ಟಿಗಿ ಹಾಡೀವಿ. ನನ್ನ ದನಿ ಯಾವುದಂತ ನನಗ ಗೊತ್ತಾಗಂಗಿಲ್ಲ. ಬಳಿ ಸಪ್ಪಳ ಅಷ್ಟ ನಂದಿತ್ತು." ಅವಳಿಗೆ ನಿಜಕ್ಕೂ ದುಃಖವಾಗಿತ್ತು. ಆಮೇಲೆ ಕೇಳಿದಳು: "ನಿನ್ನ ಅಮೆರಿಕಾದವರ ಮೊದಲನೇ ಹಾಡಿನ್ಯಾಗ ಚಪ್ಪಾಳಿ ಕೇಳತೈತಿ. ಅದನ್ಯಾಕ ತಗದಿಲ್ಲ ಅವರು?"

ಪಡಸಾಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡ ರಾವಸಾಹೇಬ ಚಪ್ಪಲಿ ಮೆಟ್ಟಿ ಹೊರಟವನು ಬಳೆಗಾರ್ತಿ ಸುಂದ್ರವ್ವನನ್ನೇ ಕರೆತಂದ. "ಕೈತುಂಬ ಇಡವಾ. ಸೋಪ ಹಚ್ಚಿದ್ರೂ ಬರಬಾರದು!"

ಕುನಾಲ ತಾನು ಸ್ವಚ್ಛ ಮಾಡಿದ್ದನ್ನು ಕೈಬಿಟ್ಟ, ಹಳೆಯ ಹಾಡಿಗೆ ಬಳೆ ಸಪ್ಪಳ ಮರಳಿತು. ಹೊಸ ಹಾಡುಗಳು ಮನೆಯ ಪಡಸಾಲೆಯಲ್ಲೇ ರೆಕಾರ್ಡ್ ಆದವು. ಕುನಾಲ ಒಂದು ಮೈಕನ್ನು ಅಜ್ಜಿಯ ಕೈ ಹತ್ತಿರವೇ ಇಟ್ಟ.

ಆಲ್ಬಮ್ ಫೋನಿಗೆ ಬಂದ ದಿನ ಅವನು ಮುಖಪುಟ ಓದಿ ಹೇಳಿದ. ಹಾರ್ಮೋನಿಯಂ: ರಾವಸಾಹೇಬ. ಢೋಲಕಿ: ಉತ್ತಮ. ಕೋರಸ್‌ನ ಹೆಂಗಸರ ಹೆಸರೂ ಇದ್ದವು. ಕಡೆಗೆ, ಬಳೆ: ಅಕ್ಕುತಾಯಿ.

"ಇನ್ನೊಮ್ಮಿ ಓದು," ಎಂದಳು. ಕುನಾಲ ಮತ್ತೆ ಹಾರ್ಮೋನಿಯಮ್ಮಿನಿಂದ ಶುರು ಮಾಡಿದ.

"ಅವರ ಹೆಸರ ಕೇಳಿ ಕೇಳಿ ಸಾಕಾಗೇತಿ," ಎಂದು ಅಕ್ಕುತಾಯಿ ಗಂಡನ ಕಡೆ ನೋಡಿ ನಕ್ಕಳು. "ಕಡೀದಷ್ಟ ಓದಲೇ."